ನಿಮಿಷಗಳ ನಕ್ಷೆ ಮೊದಲು, ನೆಲದ ನಕ್ಷೆ ಆಮೇಲೆ

ಕರಾವಳಿಯ ರಕ್ಷಣಾ ಹೆಲಿಕಾಪ್ಟರಿಗೆ ನೆಲೆ ಎಲ್ಲಿರಬೇಕು?

2021ರ ಮೇ ತಿಂಗಳ ಮಧ್ಯಭಾಗದಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗಿತು. ಆಗ ಮೂಲ್ಕಿಯ ಸಮೀಪದ ಕಡಲಬಂಡೆಗಳ ಬಳಿ ಕೋರಮಂಡಲ್ ಸಪೋರ್ಟರ್-9 ಎಂಬ ಟಗ್ ಎಂಜಿನ್ ಕೋಣೆಗೆ ನೀರು ನುಗ್ಗಿ, ಚಲಿಸುವ ಶಕ್ತಿ ಕಳೆದುಕೊಂಡು ಸಿಕ್ಕಿಹಾಕಿಕೊಂಡಿತು. ಅದರಲ್ಲಿ ಒಂಬತ್ತು ಮಂದಿ ಇದ್ದರು. ಅವರು ದಡದವರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೂ ಅಲೆಗಳ ಅಬ್ಬರದಲ್ಲಿ ಯಾವ ದೋಣಿಯೂ ಅವರನ್ನು ಮುಟ್ಟಲಾಗಲಿಲ್ಲ. ಕೊನೆಗೆ ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ನಾಲ್ವರನ್ನು ಹಗ್ಗದಲ್ಲಿ ಮೇಲೆತ್ತಿತು. ಉಳಿದ ಐವರನ್ನು ಕೋಸ್ಟ್ ಗಾರ್ಡ್ ಸಿಬ್ಬಂದಿ ಪಾರುಮಾಡಿದರು. ಒಂಬತ್ತು ಜೀವ ಉಳಿದದ್ದು ಸಂತೋಷದ ಸಂಗತಿ. ಆದರೆ ಅವರು ಬಂಡೆಗಳ ನಡುವೆ ಕಳೆದ ಆ ದೀರ್ಘ ಗಂಟೆಗಳು ಒಂದು ಪ್ರಶ್ನೆಯನ್ನು ಉಳಿಸಿಹೋದವು: ಕರಾವಳಿಯಲ್ಲಿ ಆಪತ್ತು ಬಂದಾಗ ಹಾರಬೇಕಾದ ಹೆಲಿಕಾಪ್ಟರ್ ಎಲ್ಲಿ ನಿಂತಿರಬೇಕು?

ಘಟ್ಟದ ಮೇಲಿನ ಓದುಗರಿಗೆ ಇದು ದೂರದ ವಿಷಯವೆನಿಸಬಹುದು. ಹಾಗಲ್ಲ. ಕರಾವಳಿಗೆಂದು ಬಂದ ಪ್ರತಿಯೊಂದು ದೊಡ್ಡ ಯೋಜನೆಯೂ ಕೊನೆಗೆ ಗುಡ್ಡವನ್ನು ಕೇಳಿದೆ. ಬಂದರಿಗೆ ಕಲ್ಲು, ಹೆದ್ದಾರಿಗೆ ಮಣ್ಣು, ವಿಮಾನ ನಿಲ್ದಾಣಕ್ಕೆ ಗುಡ್ಡದ ನೆತ್ತಿ ಎಲ್ಲವೂ ಸಹ್ಯಾದ್ರಿಯ ಪಾದದಿಂದಲೇ ಹೋಗಿವೆ. 'ಜೀವರಕ್ಷಣೆ' ಎಂಬ ಪದದ ಮುಂದೆ ಯಾರೂ ಬಾಯಿ ತೆರೆಯಲಾರರು ಎಂಬ ಕಾರಣಕ್ಕೇ ಆ ಹೆಸರಿನಲ್ಲಿ ಬರುವ ಯೋಜನೆಯ ಸ್ಥಳ ನಿರ್ಣಯ ಹೆಚ್ಚು ಎಚ್ಚರದಿಂದ ನಡೆಯಬೇಕಾಗುತ್ತದೆ. ಇನ್ನೊಂದು ಕಡೆ, ಕಡಲಿಗೆ ಇಳಿಯುವವನ ಪ್ರಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪರಿಸರವಾದಕ್ಕೆ ನೈತಿಕ ಬಲವಿಲ್ಲ. 'ಬೇಡ' ಎನ್ನುವುದು ಸುಲಭ. 'ಎಲ್ಲಿ, ಏಕೆ' ಎಂಬುದಕ್ಕೆ ಉತ್ತರ ಕೊಡುವ ಹೊಣೆ ಬೆಟ್ಟದ ಜನರಿಗೂ ಇದೆ.

ಈಗಿರುವ ವ್ಯವಸ್ಥೆ

ಭಾರತದ ಸುತ್ತಲಿನ ಸುಮಾರು 46 ಲಕ್ಷ ಚದರ ಕಿ.ಮೀ. ಸಾಗರ ಪ್ರದೇಶದಲ್ಲಿ ಶೋಧ ಮತ್ತು ರಕ್ಷಣೆಯನ್ನು ಸಮನ್ವಯಗೊಳಿಸುವ ಹೊಣೆ ಕೋಸ್ಟ್ ಗಾರ್ಡಿನದು. ಮುಂಬಯಿ, ಚೆನ್ನೈ ಮತ್ತು ಪೋರ್ಟ್ ಬ್ಲೇರ್‌ಗಳಲ್ಲಿ ಇದರ ಸಮನ್ವಯ ಕೇಂದ್ರಗಳಿವೆ. ಕರ್ನಾಟಕದ ಕಡಲು ಮುಂಬಯಿ ಕೇಂದ್ರದ ವ್ಯಾಪ್ತಿಗೆ ಬರುತ್ತದೆ. ಕೋಸ್ಟ್ ಗಾರ್ಡಿನ ಕರ್ನಾಟಕ ಜಿಲ್ಲಾ ಕಚೇರಿ ಮಂಗಳೂರಿನ ಪಣಂಬೂರಿನಲ್ಲಿದೆ. ಉಪಗ್ರಹದ ಮೂಲಕ ಬರುವ ಆಪತ್ಸಂಕೇತಗಳನ್ನು ಸ್ವೀಕರಿಸುವ ರಾಷ್ಟ್ರೀಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಂದರೆ ಮೊರೆ ಕೇಳಿಸಿಕೊಳ್ಳುವ ಕಿವಿಗೆ ಕೊರತೆಯಿಲ್ಲ. ಕೇಳಿಸಿಕೊಂಡ ಮೇಲೆ ಚಾಚುವ ಕೈ ಎಷ್ಟು ದೂರದಿಂದ ಬರಬೇಕು ಎಂಬುದೇ ಇಲ್ಲಿನ ವಿಚಾರ.

ಪಶ್ಚಿಮ ಕರಾವಳಿಯ ಈ ಭಾಗದಲ್ಲಿ ಹೆಲಿಕಾಪ್ಟರುಗಳಿಗೆ ಪೂರ್ಣಪ್ರಮಾಣದ ಹಳೆಯ ನೆಲೆಗಳು ಎರಡು. ಒಂದು ಗೋವಾದ ದಾಬೋಲಿಂ, ಇನ್ನೊಂದು ಕೊಚ್ಚಿ. ನೇರ ರೇಖೆಯಲ್ಲಿ ಅಳೆದರೆ ದಾಬೋಲಿಂನಿಂದ ಮಂಗಳೂರಿಗೆ ಸುಮಾರು 290 ಕಿ.ಮೀ.; ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 370 ಕಿ.ಮೀ. ಸುಮಾರು 320 ಕಿ.ಮೀ. ಎಂದು ದಶಕಗಳಿಂದ ಬರೆಯಲಾಗುತ್ತಿರುವ ಕರ್ನಾಟಕದ ಕರಾವಳಿ ಈ ಎರಡರ ನಡುವೆ ಬರುತ್ತದೆ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರಗಳ ಧಕ್ಕೆಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ಹತ್ತು ಹದಿನೈದು ದಿನ ಕಡಲಲ್ಲೇ ಇರುತ್ತವೆ. ಮಹಾರಾಷ್ಟ್ರದ ಕಡಲಿನವರೆಗೂ ಹೋಗುತ್ತವೆ. ಜಿಲ್ಲೆಯ ಗಡಿ ಅವುಗಳಿಗಿಲ್ಲ, ರಾಜ್ಯದ ಗಡಿಯೂ ಇಲ್ಲ.

ನಿಮಿಷಗಳ ಲೆಕ್ಕ

ನೆಲೆಯ ಆಯ್ಕೆಗೆ ಮೊದಲ ಅಳತೆಗೋಲು ಕಾಲ. ಗಂಟೆಗೆ ಸುಮಾರು 240 ಕಿ.ಮೀ. ವೇಗದ ಹೆಲಿಕಾಪ್ಟರ್ ನಿಮಿಷಕ್ಕೆ ನಾಲ್ಕು ಕಿ.ಮೀ. ಕ್ರಮಿಸುತ್ತದೆ. ಗಾಳಿಯ ಲೆಕ್ಕ ಬಿಟ್ಟು, ನಕ್ಷೆಯ ಮೇಲೆ ಎರಡು ಕಲ್ಪಿತ ಬಿಂದುಗಳನ್ನು ಇಟ್ಟು ನೋಡಬಹುದು.

ಮೊದಲನೆಯದು, ಮಂಗಳೂರಿನಿಂದ ಪಶ್ಚಿಮಕ್ಕೆ 80 ಕಿ.ಮೀ. ಕಡಲೊಳಗೆ. ದಾಬೋಲಿಂನಿಂದ ಅಲ್ಲಿಗೆ ಸುಮಾರು 275 ಕಿ.ಮೀ., ಎಂದರೆ 69 ನಿಮಿಷ. ಕೊಚ್ಚಿಯಿಂದ 400 ಕಿ.ಮೀ.ಗೂ ಹೆಚ್ಚು, ಎಂದರೆ 100 ನಿಮಿಷ. ಮಂಗಳೂರಿನಿಂದಲೇ ಹಾರಿದರೆ 20ರಿಂದ 22 ನಿಮಿಷ. ಉಳಿಯುವ ಸಮಯ ಮುಕ್ಕಾಲು ಗಂಟೆಗೂ ಮಿಗಿಲು. ದೂರದಿಂದ ಬಂದ ಹೆಲಿಕಾಪ್ಟರಿಗೆ ಮರಳುವಷ್ಟು ಇಂಧನವೂ ಬೇಕಾದ್ದರಿಂದ, ಸ್ಥಳದ ಮೇಲೆ ಸುತ್ತುತ್ತ ಹುಡುಕಲು ಅದಕ್ಕೆ ದೊರೆಯುವ ವೇಳೆ ಕಡಿಮೆ. ನೀರಿನಲ್ಲಿ ತೇಲುತ್ತಿರುವವನಿಗೆ ಇವೆರಡೂ ನಷ್ಟವೇ.

ಎರಡನೆಯದು, ಭಟ್ಕಳದಿಂದ ಪಶ್ಚಿಮಕ್ಕೆ 80 ಕಿ.ಮೀ. ಇಲ್ಲೊಂದು ಸಂಗತಿ ಗಮನಾರ್ಹ. ಕರಾವಳಿ ಉತ್ತರಕ್ಕೆ ಹೋದಂತೆ ಪಶ್ಚಿಮಕ್ಕೆ ವಾಲುವುದರಿಂದ ಈ ಬಿಂದುವಿಗೆ ದಾಬೋಲಿಂನಿಂದಲೂ ಮಂಗಳೂರಿನಿಂದಲೂ ದೂರ ಹೆಚ್ಚುಕಡಿಮೆ ಒಂದೇ: 155ರಿಂದ 165 ಕಿ.ಮೀ., ಸುಮಾರು 40 ನಿಮಿಷ. ಭಟ್ಕಳದಲ್ಲೇ ಹೆಲಿಕಾಪ್ಟರ್ ನಿಂತಿದ್ದರೆ 20 ನಿಮಿಷ. ಉಳಿತಾಯ 20 ನಿಮಿಷ ಮಾತ್ರ.

ಈ ಲೆಕ್ಕದಿಂದ ಎರಡು ನಿರ್ಣಯಗಳು ಸಿಗುತ್ತವೆ. ಅತಿ ದೊಡ್ಡ ಕೊರತೆ ಇರುವುದು ದಕ್ಷಿಣದಲ್ಲಿ. ಆದ್ದರಿಂದ ಮೊದಲ ನೆಲೆ ಮಂಗಳೂರಿಗೆ ಸಲ್ಲಬೇಕು. ನಡುಕರಾವಳಿಯಲ್ಲಿ ಪ್ರತ್ಯೇಕ ಪೂರ್ಣ ನೆಲೆಯಿಂದ ಸಿಗುವ ಲಾಭ ಇದೆಯಾದರೂ ಚಿಕ್ಕದು. ಅದಕ್ಕಾಗಿ ಹೊಸದಾಗಿ ಗುಡ್ಡ ಸವರುವ ಸಮರ್ಥನೆ ಹುಟ್ಟುವುದಿಲ್ಲ.

ದೂರಕ್ಕಿಂತ ದೊಡ್ಡದು ಸನ್ನದ್ಧತೆ

ಸ್ಥಳದ ಕುರಿತ ಜಗ್ಗಾಟದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿ ಇನ್ನೊಂದಿದೆ. ಕರೆ ಬಂದ ಎಷ್ಟು ನಿಮಿಷಕ್ಕೆ ಹೆಲಿಕಾಪ್ಟರ್ ನೆಲ ಬಿಡುತ್ತದೆ? ಬ್ರಿಟನ್ನಿನಲ್ಲಿ 2015ರಲ್ಲಿ ಆರಂಭವಾದ ವ್ಯವಸ್ಥೆಯಲ್ಲಿ ಹಗಲಿನಲ್ಲಿ 15 ನಿಮಿಷ, ರಾತ್ರಿಯಲ್ಲಿ 45 ನಿಮಿಷಗಳ ಗಡುವು ಇತ್ತು. ಕೆನಡಾದಲ್ಲಿ ವಾಯುಪಡೆಯ ರಕ್ಷಣಾ ದಳಗಳಿಗೆ ದೀರ್ಘಕಾಲ ಅನ್ವಯವಾಗಿದ್ದ ನಿಯಮ ಬೇರೆ: ವಾರದ ದಿನಗಳ ಕಚೇರಿ ವೇಳೆಯಲ್ಲಿ 30 ನಿಮಿಷ, ಉಳಿದ ಸಮಯದಲ್ಲಿ ಎರಡು ಗಂಟೆ. ಹದಿನೈದು ನಿಮಿಷಕ್ಕೂ ಎರಡು ಗಂಟೆಗೂ ನಡುವಿನ ಅಂತರ 105 ನಿಮಿಷ. ಮೇಲಿನ ವೇಗದಲ್ಲಿ ಆ ಅವಧಿಯಲ್ಲಿ ಹೆಲಿಕಾಪ್ಟರ್ 420 ಕಿ.ಮೀ. ಹಾರಬಲ್ಲದು. ಅಂದರೆ ಭಟ್ಕಳದಲ್ಲಿ ನೆಲೆ ಕಟ್ಟಿ ರಾತ್ರಿ ಪಾಳಿಯ ಸಿಬ್ಬಂದಿಯನ್ನು ಕೊಡದಿದ್ದರೆ, ದಾಬೋಲಿಂನಲ್ಲಿ ಸದಾ ಸನ್ನದ್ಧವಾಗಿ ನಿಂತ ಹೆಲಿಕಾಪ್ಟರೇ ಮೊದಲು ತಲುಪುತ್ತದೆ. ಕಟ್ಟಡಕ್ಕೆ ಅಡಿಗಲ್ಲು ಹಾಕುವುದು ಸುಲಭ, ರಾತ್ರಿ ಎರಡು ಗಂಟೆಗೆ ಎಚ್ಚರವಿರುವ ನಾಲ್ವರನ್ನು ವರ್ಷವಿಡೀ ಒದಗಿಸುವುದು ಕಷ್ಟ. ಪ್ರಾಣ ಉಳಿಸುವುದು ಎರಡನೆಯದು.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಅನುಭವ ಇದಕ್ಕೆ ಪಾಠದಂತಿದೆ. 1982ರ ಫೆಬ್ರವರಿ 15ರಂದು ಸೇಂಟ್ ಜಾನ್ಸ್ ಪಟ್ಟಣದ ಪೂರ್ವಕ್ಕೆ ಕಡಲಲ್ಲಿದ್ದ ಓಷನ್ ರೇಂಜರ್ ಎಂಬ ತೈಲಬಾವಿ ವೇದಿಕೆ ಬಿರುಗಾಳಿಗೆ ಮುಳುಗಿ 84 ಮಂದಿಯೂ ಸತ್ತರು. ವಾಯುಪಡೆಯ ರಕ್ಷಣಾ ಹೆಲಿಕಾಪ್ಟರುಗಳ ನೆಲೆ ಇದ್ದದ್ದು ಸುಮಾರು 200 ಕಿ.ಮೀ. ಆಚೆಯ ಗ್ಯಾಂಡರಿನಲ್ಲಿ. ತೈಲ ತೆಗೆಯುವ ಸ್ಥಳಕ್ಕೆ ಅತಿ ಸಮೀಪದ ವಿಮಾನ ನಿಲ್ದಾಣದಲ್ಲಿ ಪೂರ್ಣಾವಧಿಯ ರಕ್ಷಣಾ ಹೆಲಿಕಾಪ್ಟರ್ ಇರಬೇಕೆಂದು ತನಿಖಾ ಆಯೋಗ ಶಿಫಾರಸು ಮಾಡಿತು. ನೆಲೆ ಗ್ಯಾಂಡರಿನಲ್ಲೇ ಉಳಿಯಿತು. 2009ರ ಮಾರ್ಚ್ 12ರಂದು ತೈಲ ಕಾರ್ಮಿಕರನ್ನು ಒಯ್ಯುತ್ತಿದ್ದ ಹೆಲಿಕಾಪ್ಟರ್ ಅದೇ ಕಡಲಿಗೆ ಬಿದ್ದು 18 ಮಂದಿಯಲ್ಲಿ 17 ಮಂದಿ ಸತ್ತರು. ಆ ದಿನ ಗ್ಯಾಂಡರಿನ ರಕ್ಷಣಾ ಹೆಲಿಕಾಪ್ಟರುಗಳು ತಾಲೀಮಿಗಾಗಿ ಇನ್ನೊಂದು ಪ್ರಾಂತಕ್ಕೆ ಹೋಗಿದ್ದವು! ಬದುಕಿದ ಒಬ್ಬನನ್ನು ಎತ್ತಿದ್ದು ಖಾಸಗಿ ಕಂಪನಿಯ ಹೆಲಿಕಾಪ್ಟರ್. ಅನಂತರದ ವಿಚಾರಣೆಯಲ್ಲಿ 15ರಿಂದ 20 ನಿಮಿಷಗಳಲ್ಲಿ ಹಾರುವ ಸನ್ನದ್ಧತೆ ಬೇಕೆಂಬ ಶಿಫಾರಸು ಬಂತು. ನೆಲೆ ಎಲ್ಲಿದೆ ಎಂಬುದರ ಜೊತೆಗೆ, ಆ ನೆಲೆಯಲ್ಲಿ ಇಂದು ಹೆಲಿಕಾಪ್ಟರ್ ಇದೆಯೇ ಎಂಬುದನ್ನೂ ಕೇಳಬೇಕೆಂಬುದು ಇಲ್ಲಿಂದ ಕಲಿಯುವ ಪಾಠ.

ಮಳೆಗಾಲ, ಮೋಡ ಮತ್ತು ಪದವು

ಕರ್ನಾಟಕದ ಕರಾವಳಿ ಕಿರಿದಾದ ಪಟ್ಟಿ. ಹಿಂದೆ ಸಹ್ಯಾದ್ರಿಯ ಗೋಡೆ; ಕಾರವಾರ, ಅಂಕೋಲಾ ಭಾಗದಲ್ಲಿ ಬೆಟ್ಟಗಳು ಕಡಲ ಅಂಚಿಗೇ ಬಂದು ನಿಲ್ಲುತ್ತವೆ. ನೈರುತ್ಯ ಮಾರುತದ ಮೋಡ ಈ ಗೋಡೆಗೆ ಬಡಿದು ಕೆಳಗಿಳಿದಾಗ ಮೊದಲು ಮುಚ್ಚಿಹೋಗುವುದು ಎತ್ತರದ ಜಾಗಗಳೇ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ಇಳಿಯಲಾಗದೆ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದು ಕರಾವಳಿಯವರಿಗೆ ಹೊಸತಲ್ಲ. 2010ರ ಮೇ 22ರ ವಿಮಾನ ದುರಂತದಲ್ಲಿ 158 ಮಂದಿ ಸತ್ತ ಮೇಲೆ, ಮೂರು ಕಡೆ ಕಮರಿಯಿರುವ ಓಡುದಾರಿಯ ಅಪಾಯ ಏನೆಂದು ದೇಶಕ್ಕೇ ತಿಳಿಯಿತು.

ಹೆಲಿಕಾಪ್ಟರಿಗೆ ಓಡುದಾರಿ ಬೇಕಿಲ್ಲ. ಒಂದು ಗಟ್ಟಿ ಅಂಗಳ, ಉಪ್ಪುಗಾಳಿಯಿಂದ ಕಾಪಾಡುವ ಹ್ಯಾಂಗರ್, ಪ್ರತಿ ಹಾರಾಟದ ನಂತರ ಉಪ್ಪು ತೊಳೆಯಲು ಸಿಹಿನೀರು, ಸೋರದಂತೆ ಕಾಯುವ ಇಂಧನ ಸಂಗ್ರಹ, ಸಿಬ್ಬಂದಿಗೆ ವಸತಿ ಇಷ್ಟು ಸಾಕು. ಇದಕ್ಕೆ ಬೇಕಾದ ಕೆಲವು ಎಕರೆ ಮಂಗಳೂರಿನಲ್ಲಿ ಹುಡುಕಬೇಕಾಗಿಲ್ಲ. ಪಣಂಬೂರು-ಬೈಕಂಪಾಡಿಯಲ್ಲಿ ಆಗಲೇ ಕಾಂಕ್ರೀಟ್ ಮುಚ್ಚಿರುವ ಬಂದರು ಮತ್ತು ಕೈಗಾರಿಕಾ ಪ್ರದೇಶ ವಿಶಾಲವಾಗಿದೆ, ಅದು ಸಮುದ್ರಮಟ್ಟದಲ್ಲಿದೆ, ಕೋಸ್ಟ್ ಗಾರ್ಡಿನ ಕಚೇರಿಯೂ ಹಡಗುಗಳೂ ಅಲ್ಲೇ ಇವೆ. ಬಜ್ಪೆಯನ್ನು ಇಂಧನ, ದುರಸ್ತಿ ಮತ್ತು ಒಳ್ಳೆಯ ಹವೆಯ ಹಾರಾಟಕ್ಕೆ ಬಳಸಿ, ಮೋಡ ಇಳಿದಾಗ ಹಾರಲು ಪಣಂಬೂರಿನ ಅಂಗಳವನ್ನು ಸಿದ್ಧವಿಡುವುದು ಸಾಧ್ಯ. ಬಂದರಿನ ಕ್ರೇನುಗಳು, ಹೊಗೆಕೊಳವೆಗಳು, ಮೀನಿನ ವಾಸನೆಗೆ ಸುತ್ತುವ ಹದ್ದುಗಳು ಇವುಗಳಿಂದ ಬರುವ ಅಪಾಯವನ್ನು ತಜ್ಞರು ಅಳೆಯಬೇಕು. ಅಳೆದು 'ಆಗದು' ಎಂದರೆ ಆ ಕಾರಣವನ್ನು ಬಹಿರಂಗಪಡಿಸಬೇಕು. ಅಳೆಯದೆಯೇ ಹೊಸ ಗುಡ್ಡದತ್ತ ಬೆರಳು ತೋರಿಸಬಾರದು.

ತುಳುನಾಡಿನಲ್ಲಿ 'ಪದವು' ಎನ್ನುವ ಮುರಕಲ್ಲಿನ ಸಮತಟ್ಟು ಗುಡ್ಡಗಳು ಸರಕಾರದ ಕಡತಗಳಲ್ಲಿ ಬಂಜರು. ನಿಜದಲ್ಲಿ ಅವು ಮಳೆನೀರಿನ ಉಗ್ರಾಣಗಳು. ಕಾಸರಗೋಡು, ದಕ್ಷಿಣ ಕನ್ನಡದ ಕೃಷಿಕರು ಸುರಂಗ ಕೊರೆದು ತೋಟಕ್ಕೆ ನೀರು ಪಡೆಯುವುದು ಈ ಮುರಕಲ್ಲಿನ ಹೊಟ್ಟೆಯಿಂದಲೇ. ಮಳೆಗಾಲದ ನಾಲ್ಕು ತಿಂಗಳು ಅವುಗಳ ಮೇಲೆ ಅರಳುವ ಹುಲ್ಲು, ಕೀಟಾಹಾರಿ ಗಿಡಗಳು ಬೇರೆಡೆ ಸಿಗುವಂಥವಲ್ಲ. ಪದವನ್ನು ಸವರಿದರೆ ಕೆಳಗಿನ ಬಾವಿ ಮೊದಲು ಕೆಸರಾಗುತ್ತದೆ, ಆಮೇಲೆ ಒಣಗುತ್ತದೆ. ಹಾಗೆಯೇ ಅಳಿವೆಗಳ ಹರವೂ ಖಾಲಿ ಜಾಗವಲ್ಲ. ಚಿಪ್ಪಿ ಆರಿಸುವ ಸಾವಿರಾರು ಕೈಗಳಿಗೆ ಅನ್ನ ಕೊಡುವ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಅಂಥಲ್ಲಿ ಹೆಲಿಕಾಪ್ಟರಿನ ದೈನಂದಿನ ಹಾರಾಟ ಹಕ್ಕಿಗೂ ಕೆಡುಕು, ಹಕ್ಕಿಗೆ ಡಿಕ್ಕಿ ಹೊಡೆಯಬಹುದಾದ ಹೆಲಿಕಾಪ್ಟರಿಗೂ ಕೆಡುಕು. ಇಲ್ಲಿ ಪರಿಸರದ ಹಿತ ಮತ್ತು ಹಾರುವವನ ಹಿತ ಒಂದೇ.

ನೆಲ ಕೊಟ್ಟವರ ಅನುಭವ

ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವಿನ ಎರಡು ದಶಕಗಳಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಬೇಲೆಗಳನ್ನು ಕಳೆದುಕೊಂಡವು. ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಹಲವರು ಹಣ ಕೈಗೆ ಬರುವ ಮುನ್ನವೇ ತೀರಿಕೊಂಡರು. ಈಗ ಅಂಕೋಲಾ ತಾಲೂಕಿನ ಅಲಗೇರಿ ಭಾಗದಲ್ಲಿ ನೌಕಾಪಡೆಯ ವಿಮಾನ ನೆಲೆಗೆ, ಅದರೊಳಗೆ ನಾಗರಿಕ ನಿಲ್ದಾಣಕ್ಕೆ ಭೂಸ್ವಾಧೀನ ನಡೆದಿದೆ. ಕೊಂಕಣ ರೈಲಿಗೆ, ಹೆದ್ದಾರಿಗೆ, ಸೀಬರ್ಡಿಗೆ ನೆಲ ಕೊಟ್ಟ ತಾಲೂಕು ಅದು.

ಆ ಯೋಜನೆಯ ಒಳಿತು ಕೆಡುಕುಗಳ ಚರ್ಚೆ ಬೇರೆ. ಇಲ್ಲಿ ಹೇಳಬೇಕಾದದ್ದು ಇಷ್ಟು: ಅಲಗೇರಿಯಿಂದ ಭಟ್ಕಳದಾಚೆಯ ಆ ಕಲ್ಪಿತ ಬಿಂದುವಿಗೆ ಸುಮಾರು 97 ಕಿ.ಮೀ., ಎಂದರೆ 24 ನಿಮಿಷ. ಭಟ್ಕಳದಿಂದ ಹಾರುವುದಕ್ಕೂ ಅಲಗೇರಿಯಿಂದ ಹಾರುವುದಕ್ಕೂ ವ್ಯತ್ಯಾಸ ನಾಲ್ಕೇ ನಿಮಿಷ. ಹೀಗಿರುವಾಗ ಆ ನೆಲೆ ಕಾರ್ಯಾರಂಭ ಮಾಡಿದ ದಿನದಿಂದ ಅಲ್ಲೊಂದು ಹೆಲಿಕಾಪ್ಟರ್ ಮೀನುಗಾರರ ರಕ್ಷಣೆಗೆ ಮೀಸಲಾಗಿರಬೇಕೆಂಬ ಕರಾರನ್ನು ಈಗಲೇ ಬರೆಸಿಕೊಳ್ಳಬೇಕು. ನೆಲ ಕಳೆದುಕೊಂಡ ಜನರಿಗೆ ದೇಶ ಕೊಡಬೇಕಾದ ಕನಿಷ್ಠ ಬಾಡಿಗೆ ಅದು. ಸೈನಿಕ ನೆಲೆ ಪಕ್ಕದಲ್ಲೇ ಇದ್ದೂ ರಕ್ಷಣೆಗೆ ಇನ್ನೊಂದು ಜಾಗ ಅಗೆಯುವುದು, ಬಾವಿಯ ಪಕ್ಕದಲ್ಲಿ ಬಾವಿ ತೋಡಿದಂತೆ.

ಅವಸರದ ಸ್ಥಳ ನಿರ್ಣಯ ರಕ್ಷಣೆಯನ್ನೇ ತಡಮಾಡುತ್ತದೆ ಎಂಬುದಕ್ಕೂ ನೆರೆಯಲ್ಲೇ ಉದಾಹರಣೆ ಇದೆ. ಕೋಸ್ಟ್ ಗಾರ್ಡ್ ಅಕಾಡೆಮಿಗೆ 2011ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಇರಿಣಾವಿನಲ್ಲಿ ಅಡಿಗಲ್ಲು ಹಾಕಲಾಯಿತು. ಆಯ್ದ ಜಾಗ ಕರಾವಳಿ ನಿಯಂತ್ರಣ ವಲಯದ ತೊಡಕಿಗೆ ಸಿಕ್ಕಿತು. ವರ್ಷಗಳ ಪತ್ರವ್ಯವಹಾರದ ನಂತರ ಅದನ್ನು ಕೈಬಿಟ್ಟು ಅಕಾಡೆಮಿಯನ್ನು ಮಂಗಳೂರಿನ ಬೈಕಂಪಾಡಿಗೆ ನಿಗದಿಪಡಿಸಲಾಯಿತು. ಕಾಂಡ್ಲಾ ಕಾಡು, ಜವುಗು, ಉಬ್ಬರದ ಗೆರೆ ಇವುಗಳನ್ನು ಅಡಿಗಲ್ಲಿಗೆ ಮೊದಲು ನೋಡಿದ್ದರೆ ಅಷ್ಟು ವರ್ಷ ಉಳಿಯುತ್ತಿತ್ತು. ಪರಿಸರ ಅಧ್ಯಯನ ಯೋಜನೆಗೆ ಅಡ್ಡಗಾಲು ಎನ್ನುವವರು ಈ ಪ್ರಕರಣವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಎತ್ತಿದ ಮೇಲೆ ಎಲ್ಲಿಗೆ?

ನೀರಿನಿಂದ ಎತ್ತಿದ ಮಾತ್ರಕ್ಕೆ ರಕ್ಷಣೆ ಮುಗಿಯುವುದಿಲ್ಲ. 2025ರ ಜೂನ್ 9ರಂದು ಕೇರಳದ ಕಡಲಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗು ಸ್ಫೋಟಗೊಂಡು ಹೊತ್ತಿ ಉರಿದಾಗ 22 ಮಂದಿಯಲ್ಲಿ 18 ಮಂದಿಯನ್ನು ಪಾರುಮಾಡಿ ನೌಕಾಪಡೆಯ ಹಡಗು ತಂದದ್ದು ಮಂಗಳೂರಿಗೆ; ಸುಟ್ಟಗಾಯದವರಿಗೆ ಚಿಕಿತ್ಸೆ ದೊರೆತದ್ದೂ ಅಲ್ಲಿಯೇ. ಮಂಗಳೂರು, ಮಣಿಪಾಲಗಳಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಉತ್ತರ ಕನ್ನಡ ಜಿಲ್ಲೆಯ ಜನ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2019ರಲ್ಲಿ, ಮತ್ತೆ 2022ರಲ್ಲಿ ದೊಡ್ಡ ಅಭಿಯಾನ ನಡೆಸಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ಸಂಭವಿಸಿದ ಸಾವುಗಳು ಆ ಕೂಗಿಗೆ ಕಾರಣ. ಕಡಲಿನಿಂದ 20 ನಿಮಿಷದಲ್ಲಿ ಎತ್ತಿ ತಂದವನನ್ನು ಹೆದ್ದಾರಿಯಲ್ಲಿ ಎರಡು ಗಂಟೆ ಒಯ್ಯುವುದಾದರೆ ಉಳಿಸಿದ ನಿಮಿಷಗಳಿಗೆ ಅರ್ಥವಿಲ್ಲ. ಆದ್ದರಿಂದ ನೆಲೆಯ ನಕ್ಷೆಯೊಡನೆ ಆಸ್ಪತ್ರೆಯ ನಕ್ಷೆಯನ್ನೂ ಇಟ್ಟು ನೋಡಬೇಕು. ಮಣಿಪಾಲ, ಮಂಗಳೂರುಗಳ ಆಸ್ಪತ್ರೆಗಳ ಸಮೀಪ ರಾತ್ರಿಯೂ ಇಳಿಯಬಲ್ಲ ಅಂಗಳಗಳಿರಬೇಕು.

ಹುಡುಕುವ ಮೊದಲು ತಿಳಿಯಬೇಕು

ಹೆಲಿಕಾಪ್ಟರ್ ಸರ್ವರೋಗಕ್ಕೂ ಮದ್ದಲ್ಲ. 2018ರ ಡಿಸೆಂಬರ್ 15ರ ರಾತ್ರಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ 1ರಂದು. ನಾಲ್ಕೂವರೆ ತಿಂಗಳು ಏಳು ಮನೆಗಳು ಬಾಗಿಲು ನೋಡುತ್ತ ಕುಳಿತಿದ್ದವು. 2021ರ ಏಪ್ರಿಲ್ 13ರಂದು ಮಂಗಳೂರಿನಾಚೆ ಬೇಪೂರಿನ ರಬಾಹ್ ಬೋಟು ವಿದೇಶಿ ಸರಕು ಹಡಗಿಗೆ ಡಿಕ್ಕಿಯಾದಾಗ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ಎಲ್ಲಿ ಮುಳುಗಿದೆ ಎಂಬುದೇ ತಿಳಿಯದಿದ್ದರೆ ಹತ್ತು ಹೆಲಿಕಾಪ್ಟರುಗಳಿದ್ದೂ ಪ್ರಯೋಜನವಿಲ್ಲ. ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರ ಸರಕಾರದ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ದೊರೆಯಿತು. ಅದು ಧಕ್ಕೆಯ ಕೊನೆಯ ಬೋಟಿನವರೆಗೂ ತಲುಪುವುದು ಹೊಸ ಹ್ಯಾಂಗರಿನಷ್ಟೇ ಮುಖ್ಯ. ಕೋಸ್ಟ್ ಗಾರ್ಡಿನ 1554 ಸಂಖ್ಯೆ ಪ್ರತಿ ಬೋಟಿನ ಚುಕ್ಕಾಣಿ ಕೋಣೆಯಲ್ಲಿ ಕನ್ನಡದಲ್ಲಿ ಬರೆದಿರಬೇಕು.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಆ ದಿನಗಳಲ್ಲಿ ಕಡಲಿಗಿಳಿಯುವುದು ನಾಡದೋಣಿಗಳು. ಅವು ಮಗುಚುವುದು ಹೆಚ್ಚಾಗಿ ಅಳಿವೆಯ ಬಾಯಿಯಲ್ಲಿ, ದಡದ ಕೂಗಳತೆಯಲ್ಲಿ. ಅಲ್ಲಿ ಎಷ್ಟೇ ಸಮೀಪದ ಹೆಲಿಕಾಪ್ಟರೂ ತಡವೇ. ಅಲೆ ಸೀಳಬಲ್ಲ ಚಿಕ್ಕ ರಕ್ಷಣಾ ದೋಣಿ, ಜೀವರಕ್ಷಕ ಅಂಗಿ, ಹಗ್ಗ ಹಿಡಿದು ಕಾಯುವ ಊರಿನ ತರುಣರಿಗೆ ತರಬೇತಿ ಮತ್ತು ವಿಮೆ ಇವೇ ಅಲ್ಲಿ ಪ್ರಾಣ ಉಳಿಸುವ ಸಾಧನಗಳು. ನೆಲೆಯ ವೈಭವದಲ್ಲಿ ಈ ಸಣ್ಣ ಬಾಬತ್ತುಗಳ ಹಣ ಕರಗಬಾರದು.

ರಕ್ಷಕರ ಪ್ರಾಣವೂ ಲೆಕ್ಕಕ್ಕಿದೆ

2024ರ ಸೆಪ್ಟೆಂಬರ್ 2ರಂದು ಪೋರಬಂದರಿನ ಕಡಲಲ್ಲಿ, ಟ್ಯಾಂಕರ್ ಒಂದರ ಗಾಯಾಳುವನ್ನು ಕರೆತರಲು ಹೋದ ಕೋಸ್ಟ್ ಗಾರ್ಡಿನ ಧ್ರುವ್ ಹೆಲಿಕಾಪ್ಟರ್ ನೀರಿಗೆ ಬಿದ್ದು ಮೂವರು ಸತ್ತರು. 2025ರ ಜನವರಿ 5ರಂದು ಪೋರಬಂದರಿನಲ್ಲೇ ಇನ್ನೊಂದು ಧ್ರುವ್ ಬಿದ್ದು ಮತ್ತೆ ಮೂವರು. ಅದರ ಬಳಿಕ ದೇಶದ ಧ್ರುವ್ ಹೆಲಿಕಾಪ್ಟರುಗಳ ಹಾರಾಟವನ್ನೇ ತಿಂಗಳುಗಟ್ಟಲೆ ತಡೆಹಿಡಿಯಬೇಕಾಯಿತು. ಒಂದೇ ಮಾದರಿಯ ಯಂತ್ರವನ್ನು ನೆಚ್ಚಿದ ನೆಲೆಗೆ ಇಂಥ ದಿನಗಳಲ್ಲಿ ಏನು ಗತಿ ಎಂಬುದನ್ನೂ ಮೊದಲೇ ಯೋಚಿಸಬೇಕು. ಚೇತಕ್ ಒಂದೇ ಎಂಜಿನಿನ, 1950ರ ದಶಕದ ಕೊನೆಯ ಫ್ರೆಂಚ್ ವಿನ್ಯಾಸ. ರಾತ್ರಿಯ ದೂರಕಡಲಿಗೆ ಅದನ್ನು ಕಳಿಸುವುದು ಕಳಿಸುವವರ ಧೈರ್ಯವಷ್ಟೇ, ವ್ಯವಸ್ಥೆಯಲ್ಲ.

ಐರ್ಲೆಂಡಿನಲ್ಲಿ 2017ರ ಮಾರ್ಚ್ 14ರಂದು ಪೂರ್ವತೀರದ ಡಬ್ಲಿನ್ನಿನಿಂದ ಪಶ್ಚಿಮ ತೀರದ ಕರೆಗೆ ಹಾರಿದ ರಕ್ಷಣಾ ಹೆಲಿಕಾಪ್ಟರ್ ಇಂಧನಕ್ಕೆ ಇಳಿಯಲು ಹೋಗುತ್ತ ಬ್ಲ್ಯಾಕ್‌ರಾಕ್ ದ್ವೀಪಕ್ಕೆ ಬಡಿದು ನಾಲ್ವರು ಸತ್ತರು. ಆ ದ್ವೀಪ ಹೆಲಿಕಾಪ್ಟರಿನ ಎಚ್ಚರಿಕೆ ವ್ಯವಸ್ಥೆಯ ದಾಖಲೆಯಲ್ಲಿ ಇರಲೇ ಇಲ್ಲ. ನೇತ್ರಾಣಿ, ಬಸವರಾಜದುರ್ಗ, ದೇವಗಡ, ಸೇಂಟ್ ಮೇರಿಸ್ ಮೊದಲಾದ ನಡುಗಡ್ಡೆಗಳೂ ಬಂಡೆಗಳೂ ತುಂಬಿದ ಕರ್ನಾಟಕದ ಕಡಲಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಸ್ಥಳೀಯ ನೆಲೆಯ ದೊಡ್ಡ ಬೆಲೆ ಅದು ಉಳಿಸುವ ನಿಮಿಷಗಳಲ್ಲಿ ಮಾತ್ರವಿಲ್ಲ, ಅಲ್ಲಿನ ಚಾಲಕರು ದಿನವೂ ಅದೇ ದಡ ಅದೇ ಗಾಳಿ ನೋಡಿ ಗಳಿಸುವ ಪರಿಚಯದಲ್ಲಿದೆ.

ಎರಡು ಆಕ್ಷೇಪಗಳು

'ಪ್ರತಿ ಜಿಲ್ಲೆಗೂ ಒಂದೊಂದು ನೆಲೆ ಬೇಕು' ಎಂಬ ಬೇಡಿಕೆ ಕೇಳಿಬರುವುದು ಸಹಜ. ಮೂರು ಅರೆಬರೆ ನೆಲೆಗಳಿಗಿಂತ, ಹಗಲೂ ರಾತ್ರಿಯೂ ಎಚ್ಚರವಿರುವ ಒಂದು ನೆಲೆ ಮೂರು ಜಿಲ್ಲೆಗಳಿಗೂ ಹೆಚ್ಚು ಉಪಯುಕ್ತ. ಬ್ರಿಟನ್ ತನ್ನ ಇಡೀ ತೀರವನ್ನು 2015ರಿಂದ ಹತ್ತು ನೆಲೆಗಳಿಂದ ಕಾಯುತ್ತಿತ್ತು. ಪೋರ್ಟ್‌ಲ್ಯಾಂಡ್ ನೆಲೆಯನ್ನು ಸ್ಥಳೀಯರ ವಿರೋಧದ ನಡುವೆಯೂ 2017ರಲ್ಲಿ ಮುಚ್ಚಿತು. ಅದು ಸರಿಯೋ ತಪ್ಪೋ ಎಂಬ ವಾದವಿರಲಿ. ಅಲ್ಲಿನ ಜನ ಲೆಕ್ಕ ಕೇಳಿದರು, ಸರಕಾರ ಲೆಕ್ಕ ಒಪ್ಪಿಸಬೇಕಾಯಿತು. ಇಲ್ಲಿಯೂ ಅದು ನಡೆಯಬೇಕು.

'ಹೆಲಿಕಾಪ್ಟರ್ ಬಂದರೆ ಘಟ್ಟದ ಭೂಕುಸಿತಕ್ಕೂ ಅನುಕೂಲ' ಎಂಬುದು ಬೆಟ್ಟದವರ ಒಪ್ಪಿಗೆ ಪಡೆಯಲು ಹೇಳುವ ಮಾತು. ಭಾಗಶಃ ನಿಜ. 2019ರ ಆಗಸ್ಟ್ ನೆರೆಯಲ್ಲಿ ಹಂಪಿ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದವರನ್ನು ವಾಯುಪಡೆಯ ಹೆಲಿಕಾಪ್ಟರುಗಳು ಎತ್ತಿದವು. ಅದು ಬಯಲುಸೀಮೆ, ಆಕಾಶ ತೆರೆದಿತ್ತು. ಘಟ್ಟ ಕುಸಿಯುವುದು ಮೋಡ ನೆಲಕ್ಕಿಳಿದ ದಿನಗಳಲ್ಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ ಬೇಕಾದದ್ದು ಆಕಾಶದ ಸಹಾಯವಾಗಿರಲಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸದ ವಿವೇಕವಾಗಿತ್ತು. ಲಾರಿಯೊಂದನ್ನು ನದಿಯಿಂದ ಎತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಗುಡ್ಡ ಕಡಿದು ಹೆಲಿಕಾಪ್ಟರ್ ನೆಲೆ ಮಾಡಿ, ಗುಡ್ಡ ಕುಸಿದಾಗ ಅದೇ ಹೆಲಿಕಾಪ್ಟರನ್ನು ಕರೆಯುವ ಸ್ಥಿತಿ ಬರಬಾರದು.

ಕೇಳಬೇಕಾದದ್ದು

ಸರಕಾರದ ಮುಂದೆ ಕರಾವಳಿಯ ಮೀನುಗಾರ ಸಂಘಗಳೂ ಬೆಟ್ಟದ ಸಂಘಟನೆಗಳೂ ಒಟ್ಟಾಗಿ ಇಡಬಹುದಾದ ಬೇಡಿಕೆಗಳು ಇವು:

1. ಯಾವ ಸ್ಥಳವನ್ನೂ ಗುರುತಿಸುವ ಮುನ್ನ, ಪ್ರತಿ ಪರ್ಯಾಯ ಸ್ಥಳದಿಂದ ಕಡಲಿನ ಪ್ರತಿ ಭಾಗಕ್ಕೆ ಹಗಲಲ್ಲಿ ಎಷ್ಟು ನಿಮಿಷ, ರಾತ್ರಿಯಲ್ಲಿ ಎಷ್ಟು ನಿಮಿಷ ಎಂಬ ನಕ್ಷೆ ಕನ್ನಡದಲ್ಲಿ ಪ್ರಕಟವಾಗಲಿ. ಹಿಂದಿನ ಅವಘಡಗಳ ಸ್ಥಳಗಳನ್ನೂ ಅದರಲ್ಲಿ ಗುರುತಿಸಲಿ.

2. ಮೊದಲ ನೆಲೆ ಮಂಗಳೂರಿನಲ್ಲಿ, ಈಗಾಗಲೇ ಬಳಕೆಯಲ್ಲಿರುವ ನೆಲದ ಮೇಲೆ ಆಗಲಿ. ಉತ್ತರದಲ್ಲಿ ನೌಕಾಪಡೆಯ ನೆಲೆಗೆ ರಕ್ಷಣೆಯ ಹೊಣೆಯನ್ನು ಲಿಖಿತವಾಗಿ ವಹಿಸಲಿ. ನಡುಕರಾವಳಿಗೆ ಇಂಧನ ತುಂಬಿಸುವ ಚಿಕ್ಕ ಅಂಗಳ ಸಾಕು. ಅದೂ ಹಳೆಯ ಮೈದಾನದಲ್ಲಿ ಅಥವಾ ಬಂದರಿನ ಆವರಣದಲ್ಲಿ.

3. ಪದವು, ಅಳಿವೆ, ಕಾಂಡ್ಲಾ ಕಾಡು, ಕಡಲಾಮೆ ಮೊಟ್ಟೆಯಿಡುವ ದಂಡೆ ಇವುಗಳನ್ನು ಆಯ್ಕೆಯ ಪಟ್ಟಿಯಿಂದ ಮೊದಲೇ ಹೊರಗಿಡಲಿ.

4. ರಾತ್ರಿ ಹಾರಾಟಕ್ಕೆ ತಕ್ಕ ಯಂತ್ರ, ಸಿಬ್ಬಂದಿ, ಬದಲಿ ಹೆಲಿಕಾಪ್ಟರ್ ಇವುಗಳಿಗೆ ಹಣ ಮೀಸಲಾಗುವವರೆಗೆ ಅಡಿಗಲ್ಲಿನ ಸಮಾರಂಭ ಬೇಡ.

5. ಪ್ರತಿ ಕರೆಗೆ ಎಷ್ಟು ನಿಮಿಷದಲ್ಲಿ ಹಾರಲಾಯಿತು, ಹಾರದಿದ್ದರೆ ಏಕೆ ಎಂಬ ವಾರ್ಷಿಕ ವರದಿ ಧಕ್ಕೆಗಳ ಫಲಕದಲ್ಲಿ ಅಂಟಿಸಲ್ಪಡಲಿ.

ಧಕ್ಕೆಯಲ್ಲಿ ಗಂಡಸರ ದಾರಿ ಕಾಯುವ ಹೆಂಗಸರಿಗೆ ನೆಲೆ ಯಾವ ತಾಲೂಕಿಗೆ ಬಂತು ಎಂಬುದರಿಂದ ಆಗಬೇಕಾದದ್ದೇನೂ ಇಲ್ಲ. ಕರೆದಾಗ ಬರುತ್ತದೆಯೇ ಎಂಬುದಷ್ಟೇ ಅವರ ಪ್ರಶ್ನೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಲು ಹೊರಟ ಸರಕಾರಕ್ಕೆ ಹೊಸ ಗುಡ್ಡ ಕಡಿಯುವ ಅಗತ್ಯ ಬೀಳಲಾರದು. ಗುಡ್ಡ ಕಡಿಯಲೇಬೇಕೆಂದು ಹೊರಟ ಯೋಜನೆ ಆ ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲವೆಂದೇ ತಿಳಿಯಬೇಕು.